ಏಜೆಂಟ್ ಕೈಗೆ ಎಷ್ಟು ಅಧಿಕಾರ?

ಈ ವಾರವಿಡೀ ಒಂದೇ ಕೆಲಸ: ಬೇರೆ ಬೇರೆ ಪಾವತಿ ಸೇವೆಗಳನ್ನು ಎಐ ಏಜೆಂಟ್, ಅಂದರೆ ನಮ್ಮ ಪರವಾಗಿ ತಾನೇ ಕೆಲಸ ಮಾಡುವ ತಂತ್ರಾಂಶ, ಒಂದೇ ಬಾಗಿಲಿನಿಂದ ತಲುಪುವಂತೆ ಮಾಡುವುದು. ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಎಲ್ಲರ ಬಳಕೆಗೆ ತೆರೆದಿಟ್ಟ ಎಂಸಿಪಿ, ಅಂದರೆ ಎಐ ಹೊರಗಿನ ಸೇವೆಗಳ ಜೊತೆ ವ್ಯವಹರಿಸುವ ಸಾಮಾನ್ಯ ಪದ್ಧತಿ, ಇದಕ್ಕೆ ಆಧಾರ. ನಮ್ಮ ಬೆಂಗಳೂರಿನ ಪಾವತಿ ಸೇವೆ ರೇಜರ್‌ಪೇ ಕೂಡ ಅದಕ್ಕೆ ಹೊಂದುವ ಸರ್ವರ್ ಹೊರತಂದಿದೆ.

ಹೊರಗಿನಿಂದ ಎಲ್ಲವೂ ಸಲೀಸು. ಒಳಗೆ ಮಾತ್ರ ಒಂದೊಂದು ಸೇವೆಗೂ ಒಂದೊಂದು ಪದ್ಧತಿ. ರೇಜರ್‌ಪೇಗೆ 500 ರೂಪಾಯಿಯನ್ನು ಪೈಸೆ ಲೆಕ್ಕದಲ್ಲಿ, ಅಂದರೆ 50000 ಎಂದು ಕಳುಹಿಸಬೇಕು. ಇನ್ನೊಂದು ಸೇವೆ ಕ್ಯಾಶ್‌ಫ್ರೀಗೆ 500 ಎಂದರೆ 500 ರೂಪಾಯಿಯೇ. ಇಂಥದ್ದನ್ನು ಏಜೆಂಟ್‌ನ ಊಹೆಗೆ ಬಿಡಲೇಬಾರದು, ಏಜೆಂಟ್‌ಗೂ ಸೇವೆಗೂ ನಡುವೆ ನಾವು ಕಟ್ಟುವ ಪದರವೇ ಸರಿಹೊಂದಿಸಬೇಕು. ಸಂಪರ್ಕ ಕಡಿದುಹೋಗಿ ಏಜೆಂಟ್ ಅದೇ ಕೋರಿಕೆಯನ್ನು ಮತ್ತೆ ಕಳುಹಿಸಿದರೂ ಗ್ರಾಹಕರ ಹಣ ಎರಡು ಸಲ ಕಡಿತವಾಗಬಾರದು. ಅದಕ್ಕಾಗಿ ಪ್ರತಿ ಕೋರಿಕೆಗೂ ಬದಲಾಗದ ಒಂದು ಗುರುತು ಸಂಖ್ಯೆ ಕೊಡುತ್ತೇವೆ.

ನಿನ್ನೆ ಸಂಜೆ ಗಾಂಧಿ ಬಜಾರಿನಲ್ಲಿ ಹೂ ಕೊಂಡೆ. ನನ್ನ ಮೊಬೈಲ್ ಪರದೆಯಲ್ಲಿ ಹಸಿರು ಗುರುತು ಮೂಡಿದರೂ ಹೂ ಮಾರುವ ಅಮ್ಮ ಹೂವಿಗೆ ಕೈ ಹಾಕಲಿಲ್ಲ. ತಮ್ಮ ಸೌಂಡ್‌ಬಾಕ್ಸ್ ಮೊತ್ತ ಹೇಳಿದ ಮೇಲೆಯೇ ಮಲ್ಲಿಗೆ ಕಟ್ಟಿಕೊಟ್ಟರು. ಎಷ್ಟು ಸರಿಯಾದ ಕ್ರಮ! ಏಜೆಂಟ್ ಕೂಡ ಕೊಳ್ಳುವವರ ಪರದೆಯನ್ನು ನಂಬದೆ, ಪಾವತಿ ಸೇವೆಯಿಂದಲೇ ಖಚಿತ ಸಂದೇಶ ಬರುವವರೆಗೆ ಕಾಯಬೇಕು.

ಏಜೆಂಟ್ ಪಾವತಿ ಲಿಂಕ್ ಸೃಷ್ಟಿಸಲಿ, ಬಾಕಿ ಲೆಕ್ಕ ಹುಡುಕಲಿ, ನನ್ನ ಅಭ್ಯಂತರವಿಲ್ಲ. ಹಣ ಹಿಂತಿರುಗಿಸುವಾಗ ಮಾತ್ರ ಒಬ್ಬ ಮನುಷ್ಯರ ಒಪ್ಪಿಗೆ ಇರಲೇಬೇಕೆಂದು ತಂಡದಲ್ಲಿ ಪಟ್ಟು ಹಿಡಿದಿದ್ದೇನೆ. ಕೆಲಸ ನಿಧಾನವಾಗುತ್ತದೆ ಎನ್ನುತ್ತಾರೆ. ಆಗಲಿ. ಅದು ಯಾರದೋ ದುಡಿಮೆಯ ದುಡ್ಡು.