ಉಂಡಿ ಡಬ್ಬಿ

ಧಾರವಾಡ, ಮಂಗಳವಾರ, 13 ಆಗಸ್ಟ್ 2024

ತಪ್ಪು ನನ್ನದೇ. ತೂಕದ ಯಂತ್ರದ ಮುಂದೆ ಏಳೆಂಟು ಜನ ಸಾಲುಗಟ್ಟಿದ್ದರು. ರೂಢಿಯಂತೆ "46" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಹಿಂದಿದ್ದ ಹುಡುಗಿ ಕಿಸಕ್ಕೆಂದಳು. ಹತ್ತು ವರ್ಷದ ಆ ಹುಡುಗ ಹೊಟ್ಟೆ ಒಳಗೆಳೆದುಕೊಂಡು, ಇಳಿಯುವುದನ್ನೂ ಮರೆತು ಯಂತ್ರದ ಮೇಲೆಯೇ ನಿಂತ. ಹದಿನಾರು ವರ್ಷ ನರ್ಸ್ ಆಗಿದ್ದೇನೆ, ಇಷ್ಟೂ ತಿಳಿಯಬಾರದೇ?

ಅಜ್ಜಿ (ಅವನು ಆಯಿ ಅನ್ನುತ್ತಾನೆ) ಅವನನ್ನು ಕರೆತಂದದ್ದು ಕೆಮ್ಮಿಗೆ. ಎತ್ತರ 138 ಸೆಂ.ಮೀ., ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಬಿಎಂಐ 24 ದಾಟಿತು. ದೊಡ್ಡವರಿಗಾದರೆ ಅಷ್ಟೇನೂ ಅಲ್ಲ ಎನಿಸುವ ಅಂಕಿ. ಹತ್ತು ವರ್ಷದ ಗಂಡುಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 21.4 ದಾಟಿದರೇ ಬೊಜ್ಜು. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಮನೆಯವರು ನಂಬುವುದಿಲ್ಲ.

ಜೊತೆಗಿದ್ದ ಅಜ್ಜಿ ತಾವಾಗಿಯೇ ಹುಡುಗನ ಕಾಲರ್ ಸರಿಸಿದರು. "ತಂಗಿ, ಈ ಕೊಳೆ ಹೋಗುತ್ತಲೇ ಇಲ್ಲ ನೋಡು. ಕಡಲೆಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ನನ್ನ ಕೈ ಸೋತವು." ಕೊಳೆಯಲ್ಲ. ಮಖಮಲ್ಲಿನಂತೆ ದಪ್ಪಗಾದ ಕಪ್ಪು. ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳದಾದಾಗ ಚರ್ಮ ಹೀಗೆ ಸುಳಿವು ಕೊಡುತ್ತದೆ. ಡಾಕ್ಟರಿಗೆ ತೋರಿಸಿದೆ, ರಕ್ತಪರೀಕ್ಷೆ ಬರೆದರು. ಪಾಪ, ಎಷ್ಟು ದಿನದಿಂದ ಆ ಹುಡುಗನ ಕುತ್ತಿಗೆ ತಿಕ್ಕಿಸಿಕೊಂಡಿತ್ತೋ.

ಬದಿಯ ಕೋಣೆಯಲ್ಲಿ ಕೂರಿಸಿ ಊಟದ ಮಾತು ತೆಗೆದೆ. ಆಯಿ ಸಿಡಿದರು. "ಹೊಟ್ಟೆ ತುಂಬ ಉಣ್ಣುವ ಮಗುವನ್ನು ಕಂಡರೆ ನಿನಗೇಕೆ ತಂಗಿ ಸಂಕಟ?" 1972ರ ಬರದಲ್ಲಿ ಅವರಿಗೆ ಈ ಮೊಮ್ಮಗನದೇ ವಯಸ್ಸು. ಅವರವ್ವ ರೊಟ್ಟಿ ಎಣಿಸಿ ಬಡಿಸುತ್ತಿದ್ದರಂತೆ. ಅಂಥವರ ಮುಂದೆ "ಎಣಿಸಿ ಕೊಡಿ" ಎನ್ನಲು ನನಗೆ ಬಾಯಿ ಬರಲಿಲ್ಲ.

ನಾಗರ ಪಂಚಮಿಯ ಉಂಡಿ ಡಬ್ಬಿ ಅವರ ಮನೆಯಲ್ಲಿ ಇನ್ನೂ ಖಾಲಿಯಾಗಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಡಬ್ಬಿ ಎತ್ತಿಡಿ ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆಯಿಂದ ಬಂದು 'ಆಯಿ, ಉಂಡಿ' ಅನ್ನುತ್ತಾನೆ. ಆಮೇಲೆ ಮೊಬೈಲ್ ಹಿಡಿದರೆ ಮಲಗುವವರೆಗೆ ಮಾತಿಲ್ಲ" ಎಂದರು.

ನನ್ನ ಫಾರಂನಲ್ಲಿ ಇದನ್ನು ಬರೆಯುವ ಕಾಲಂ ಇಲ್ಲ.

ಏನೂ ತೋಚದೆ, "ಪಂಚಮಿಗೆ ಈ ಸಲ ಜೋಕಾಲಿ ಕಟ್ಟಿದ್ದಿರೇನು ಆಯಿ?" ಎಂದೆ. ಮೂರನೇ ಮಹಡಿಯಲ್ಲಿ ಎಲ್ಲಿಯ ಜೋಕಾಲಿ ಎಂದು ನಕ್ಕರು. ಆಗ ಹುಡುಗ ಮೊದಲ ಸಲ ತಲೆಯೆತ್ತಿ, "ನೀನು ಆಡಿದ್ದೀಯೇನು?" ಎಂದ. ಆಯಿ ಶುರುವಾದರು: ಹುಣಸೆಮರ, ಮಿಣಿ ಹಗ್ಗ, ಯಾರು ಎಷ್ಟು ಎತ್ತರ ಜೀಕಿದರು, ಯಾರ ಹಲ್ಲು ಮುರಿಯಿತು. ನಾನು ಪೆನ್ನು ಕೆಳಗಿಟ್ಟೆ. ಹೊರಗೆ ಸಾಲು ಬೆಳೆಯುತ್ತಿತ್ತು, ಬೈಗುಳವೂ ಬಂತು.

ಕೊನೆಗೆ ಒಪ್ಪಿದ್ದು ಇಷ್ಟು: ಶಾಲೆ ಬಿಟ್ಟ ಮೇಲೆ ಇಬ್ಬರೂ ಕೆಲಗೇರಿ ಕೆರೆಯವರೆಗೆ ಹೋಗುವುದು, ಮಾತು ಅಲ್ಲಿ. ಉಂಡಿ ಒಂದು, ಇಬ್ಬರಿಗೂ ಅರ್ಧರ್ಧ. ಉಪವಾಸ ಬೇಡ, ಎತ್ತರ ಬೆಳೆಯುವಾಗ ತೂಕ ಇದ್ದಲ್ಲೇ ನಿಂತರೂ ಸದ್ಯಕ್ಕೆ ಸಾಕೆಂದರು ಡಾಕ್ಟರ್. ಆಯಿಯ ಮಂಡಿನೋವಿನ ವಿಷಯ ಕೇಳುವುದೇ ಮರೆತೆ.

ಚಿಗರಿ ಬಸ್ಸಿನಲ್ಲಿ ನಿಂತೇ ಬಂದೆ, ಚಪ್ಪಲಿ ತೊಯ್ದು ತೊಪ್ಪೆ. ಮೇಲಿನ ಮನೆಯ ಕಾಕು ಉಂಡಿ ಕಳಿಸಿದ್ದಾರೆ. ಇದನ್ನು ಬರೆಯುತ್ತ ಮೂರು ತಿಂದೆ, ಯಾರೂ ನನ್ನನ್ನು ತೂಗಿ ಕೂಗಲಿಲ್ಲ.

ಯಂತ್ರಕ್ಕೊಂದು ಪರದೆ ಬೇಕೆಂದು ಹಿಂದೆಯೇ ಕೇಳಿದ್ದೆ, ಆಗಲಿಲ್ಲ. ನಾಳೆ ಹಳೆಯ ಇಳಕಲ್ ಸೀರೆ ಒಯ್ದು ಕಟ್ಟುತ್ತೇನೆ. ಆದರೆ ಆ ಹುಡುಗ ರಿಪೋರ್ಟ್ ತರಲು ಬಂದಾಗ ಮತ್ತೆ ಆ ಯಂತ್ರ ಹತ್ತು ಎಂದು ನಾನು ಹೇಗೆ ಹೇಳಲಿ?