ಬ್ಯಾಟನ್ ಬಿದ್ದ ವರ್ಷ

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ, ತಾಲೂಕು ಮಟ್ಟದ ಕೂಟಕ್ಕೆ ರಿಲೇ ಟೀಮಲ್ಲಿ ಸೆಲೆಕ್ಟ್ ಆಗಿದೀನಿ ಮಾಮ, ಶೂ ಕೊಡ್ಸು ಅಂತ. ಕೊಡ್ಸಣ ಬಿಡು, ಬ್ಯಾಟನ್ (ಓಡ್ತಾ ಒಬ್ರಿಂದ ಒಬ್ರಿಗೆ ದಾಟಿಸೋ ಕೋಲು) ಪ್ರಾಕ್ಟೀಸ್ ಎಷ್ಟು ದಿನ ಮಾಡಿದ್ರಿ ಅಂದ್ರೆ, "ಅದೇನ್ ಮಾಮ, ಕೈಗೆ ಕೊಡೋದು ತಾನೆ?" ಅಂದ!

ನಾವೂ ಹಂಗೇ ಅಂದ್ಕೊಂಡಿದ್ವಿ. ಒಂಬತ್ತನೇ ಕ್ಲಾಸಲ್ಲಿ, ಇನ್ನು ಎರಡೇ ದಿನ ಇದ್ದಾಗ ಜೋರಾಗಿ ಓಡೋ ನಾಲ್ಕು ಜನನ್ನ ಆರಿಸಿ ಕಳ್ಸಿದ್ರು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣ, ಶ್ರಾವಣ ಬಂದ್ರೂ ಆಷಾಢದ ಗಾಳಿ ನಿಂತಿರ್ಲಿಲ್ಲ (ನಮ್ಮೂರ ಗುಡ್ಡದ ಮೇಲೆ ಗಾಳಿಯಿಂದ ಕರೆಂಟ್ ತೆಗೆಯೋ ಆ ಫ್ಯಾನುಗಳನ್ನ ಸುಮ್ನೆ ನಿಲ್ಸಿದಾರಾ), ನಾನು ಮೂರನೆಯವನು, ಹಿಂದಿನವನು "ತಗೋ" ಅಂತ ಕೂಗಿದ್ದು ಕೇಳ್ಲೇ ಇಲ್ಲ. ತಿರುಗಿ ನೋಡ್ದೆ, ನಿಂತೆ, ಅವನು ಬಂದು ಗುದ್ದಿದ, ಬ್ಯಾಟನ್ ಮಣ್ಣಿಗೆ. ಬೀಳ್ಸಿದವನೇ ಎತ್ಕೋಬೇಕು ಅನ್ನೋ ರೂಲ್ ಗೊತ್ತಿಲ್ದೆ ಇಬ್ರೂ ಬಗ್ಗಿ ತಲೆ ತಲೆ ಡಿಕ್ಕಿ.

ಮುಂದಿನ ವರ್ಷ ಪಿಟಿ ಮೇಷ್ಟ್ರು ಜೂನಿಂದಾನೇ ಹಿಡ್ಕೊಂಡ್ರು. ಒಂದಡಿ ಪಿವಿಸಿ ಪೈಪ್ ತುಂಡು ಕೊಟ್ಟು, ಓಡೋದೇ ಬೇಡ ನಡೀರಿ ಅಂದ್ರು. ಒಬ್ರ ಹಿಂದೆ ಒಬ್ರು, ಮೊದಲನೆಯವನು ಬಲಗೈಲಿ ಕೊಟ್ರೆ ಎರಡನೆಯವನಿಗೆ ಎಡಗೈ, ಅವನು ಎಡಗೈಲಿ ಕೊಟ್ರೆ ನಂಗೆ ಬಲಗೈ, ಕೈ ಬದಲಾಯ್ಸೋ ಹಂಗಿಲ್ಲ, ತಿರುಗಿ ನೋಡೋ ಹಂಗಿಲ್ಲ. ಒಂದು ವಾರ ಇದೇ, ಹುಡುಗೀರೆಲ್ಲ ನಗೋರು. ಆಮೇಲೆ ಮಾರ್ಕು. ನಾನು ನಿಲ್ಲೋ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಹಚ್ಚಿ ಅಳೆದು ಸುಣ್ಣದ ಗೆರೆ ಹಾಕೋದು, ಅವನು ಅದನ್ನ ದಾಟಿದ ತಕ್ಷಣ ನಾನು ಕಿತ್ಕೊಂಡು ಓಡ್ಬೇಕು. 22 ಪಾದ ಇಟ್ರೆ ಅವನ ಕೈಗೆ ನಾನು ಸಿಗಲ್ಲ, 15 ಇಟ್ರೆ ಮತ್ತೆ ಗುದ್ದಾಟ, ಕೊನೆಗೆ 18ಕ್ಕೆ ಕೂತ್ಕೊಂತು. ಗಾಳೀಲಿ ಕೂಗು ಕೇಳಲ್ವಲ್ಲ, ಅದಕ್ಕೆ ಹೆಜ್ಜೆ ಎಣಿಸಿ ಏಳನೇದಕ್ಕೆ ಕೈ ಹಿಂದೆ ಚಾಚೋದು ಅಂತ ಮಾಡ್ಕೊಂಡ್ವಿ.

2016ರ ರಿಯೋ ಒಲಿಂಪಿಕ್ಸಲ್ಲಿ 4x100 ಮೀಟರ್ ರಿಲೇಲಿ ಜಪಾನಿನವರು 37.60 ಸೆಕೆಂಡಲ್ಲಿ ಬೆಳ್ಳಿ ಹೊಡೆದ್ರಲ್ಲ, ಆ ನಾಲ್ವರಲ್ಲಿ ಒಬ್ರೂ ಅಲ್ಲೀವರೆಗೆ 100 ಮೀಟರನ್ನ 10 ಸೆಕೆಂಡ್ ಒಳಗೆ ಓಡಿರ್ಲಿಲ್ಲ. ಅದನ್ನ ಟಿವೀಲಿ ನೋಡ್ವಾಗ ನಂಗೆ ಆ ಪೈಪ್ ತುಂಡೇ ಕಣ್ಮುಂದೆ.

ನಮಗೆ ಆ ವರ್ಷ ಸೆಕೆಂಡ್ ಪ್ಲೇಸ್. ಫಸ್ಟ್ ಬಂದವರು ನಿಜಕ್ಕೂ ನಮಗಿಂತ ಜೋರು, ಅದಕ್ಕೇನ್ ಮಾಡಕ್ಕಾಗುತ್ತೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಉಳಿದ ಮೂವರನ್ನೂ ಕರ್ಕೊಂಡು ಗ್ರೌಂಡಿಗೆ ಬಾ ಅಂದಿದೀನಿ, ಶೂ ಆಮೇಲೆ ನೋಡಣ. ನಮ್ ಕಾಲದಲ್ಲಿ ಬ್ಯಾಟನ್ ಕೊಡೋ ಜಾಗ 20 ಮೀಟರ್ ಇತ್ತು, ಈಗ 30 ಮಾಡಿದಾರೆ, ಮೇಲಾಗಿ ಇವನ ಪಾದ ನನ್ನದಕ್ಕಿಂತ ಉದ್ದ, ಹಂಗಾಗಿ ಮೊದಲಿಂದ ಅಳೀಬೇಕು.