ಮ್ಯಾಸ್ಸಿ 35ರ ಎಂಜಿನ್: ಕ್ರ್ಯಾಂಕ್ ಕೂತಿತು, ಪಂಪ್ ಬಾಕಿ

ಮ್ಯಾಸ್ಸಿ 35 ಟ್ರ್ಯಾಕ್ಟರಿನ ಕ್ರ್ಯಾಂಕ್ ಶಾಫ್ಟ್ (ಪಿಸ್ಟನ್‌ಗಳ ಓಟವನ್ನು ತಿರುಗುವಿಕೆಯಾಗಿಸುವ ದಂಡ) ಗ್ರೈಂಡಿಂಗ್ ಮುಗಿಸಿಕೊಂಡು ಹುಬ್ಬಳ್ಳಿಯಿಂದ ಮನೆಗೆ ಬಂದಿದೆ. ಎಂಜಿನ್ ಬ್ಲಾಕಿನಲ್ಲಿ ಪಿಸ್ಟನ್ ಓಡಾಡುವ ಒಳಕೊಳವೆಗಳಾದ ಹೊಸ ಸ್ಲೀವ್‌ಗಳೂ ಕೂತಿವೆ. ಬಿಚ್ಚುವ ಕೆಲಸ ಮುಗಿದು ಜೋಡಿಸುವ ಕೆಲಸ ಶುರುವಾಯಿತು ಎಂದು ಈಗ ಧೈರ್ಯವಾಗಿ ಹೇಳಬಹುದು.

ಇದು ಮೂರು ಸಿಲಿಂಡರಿನ ಪರ್ಕಿನ್ಸ್ 3.152. ಬೋರ್ (ಸಿಲಿಂಡರಿನ ಒಳ ಅಗಲ) 3.6 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 5 ಇಂಚು, ಒಟ್ಟು ಎರಡೂವರೆ ಲೀಟರ್. ಮ್ಯಾಸ್ಸಿ ಫರ್ಗ್ಯೂಸನ್ 35ಕ್ಕೆ ಇದಕ್ಕಿಂತ ಮೊದಲು ಹಾಕುತ್ತಿದ್ದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಚಳಿಯಲ್ಲಿ ಸ್ಟಾರ್ಟ್ ಆಗದೆ ಸತಾಯಿಸುವುದಕ್ಕೆ ಹೆಸರಾಗಿತ್ತು. 1960ರಲ್ಲಿ ಮದರಾಸಿನಲ್ಲಿ ಟ್ರ್ಯಾಕ್ಟರ್ ಕಂಪನಿ ಟಾಫೆ ಹುಟ್ಟಿದ ಮೇಲೆ ಮ್ಯಾಸ್ಸಿ ನಮ್ಮ ಹೊಲಗಳಿಗೂ ಇಳಿಯಿತು. ಈ ಎಂಜಿನ್ನಿನ ವಂಶ ಅಷ್ಟು ದೊಡ್ಡದಾಗಿ ಬೆಳೆದಿರುವುದರಿಂದಲೇ ರಿಂಗು, ಬೇರಿಂಗ್, ಗ್ಯಾಸ್ಕೆಟ್‌ಗಳಿಗೆ ಇಂದಿಗೂ ಪರದಾಡಬೇಕಿಲ್ಲ.

ಈ ಟ್ರ್ಯಾಕ್ಟರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಎಂಜಿನ್ನೇ ಬೆನ್ನೆಲುಬು: ಮುಂದೆ ಆ್ಯಕ್ಸಲ್, ಹಿಂದೆ ಗೇರ್‌ಬಾಕ್ಸ್, ಎರಡೂ ಅದಕ್ಕೇ ಬೋಲ್ಟ್ ಆಗಿವೆ. ಹಾಗಾಗಿ ಎಂಜಿನ್ ಇಳಿಸುವುದೆಂದರೆ ಟ್ರ್ಯಾಕ್ಟರನ್ನೇ ತುಂಡು ಮಾಡುವುದು. ಎರಡು ತುಂಡುಗಳಿಗೂ ಗಟ್ಟಿ ಆಸರೆ ಕೊಡದೆ ಯಾರೂ ಇದಕ್ಕೆ ಕೈಹಾಕಬಾರದು.

ಸಿಲಿಂಡರ್‌ಗಳ ಸವೆತ ನೋಡಿ ಬೇಸರವಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಪಿಸ್ಟನ್ನಿನ ಮೇಲಿನ ರಿಂಗ್ ಮೇಲಕ್ಕೆ ಹೋಗಿ ಮರಳುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು ಬಿದ್ದಿತ್ತು. ಕೆಳಭಾಗ ಬಹುತೇಕ ಹಾಗೆಯೇ ಇತ್ತು. ಬೆಂಕಿಯ ಕಾವು ಹೆಚ್ಚು, ಎಣ್ಣೆ ಕಡಿಮೆ ಇರುವ ಜಾಗ ಅದು. ದುಂಡಗಿಲ್ಲದ ಸಿಲಿಂಡರಿಗೆ ಹೊಸ ರಿಂಗ್ ಹಾಕಿ ಹೊಗೆ ನಿಲ್ಲಿಸುವ ಪ್ರಯತ್ನ ಎಷ್ಟೋ ಹಳೆಯ ಎಂಜಿನ್‌ಗಳನ್ನು ಕೊಂದಿದೆ. ಅದಕ್ಕೇ ಸ್ಲೀವ್, ಪಿಸ್ಟನ್, ರಿಂಗ್ ಮೂರನ್ನೂ ಬದಲಿಸಿದೆ.

ಕ್ರ್ಯಾಂಕಿನ ವಿಷಯದಲ್ಲಿ ಮಾತ್ರ ಜಿಪುಣನಾದೆ. ಕನೆಕ್ಟಿಂಗ್ ರಾಡ್ ಕೂರುವ ಪಿನ್ನುಗಳು ಹೊಸದರಲ್ಲಿ 2.249 ಇಂಚಿನ ಆಸುಪಾಸು ಇರುತ್ತವೆ. ಮೈಕ್ರೋಮೀಟರ್ ಹಿಡಿದಾಗ ನಡುವಿನ ಪಿನ್ ಅಂಡಾಕಾರವಾಗಿತ್ತು. ಅಂಗಡಿಯವರು ಇಪ್ಪತ್ತು ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ) ತೆಗೆಯೋಣ ಎಂದರು. ಹತ್ತರಲ್ಲೇ ಸ್ವಚ್ಛವಾಗುತ್ತದೆಯೇ ನೋಡಿ ಎಂದು ಪಟ್ಟು ಹಿಡಿದೆ; ಆಯಿತು. ಹೀಗೆ ತೆಳುವಾದ ಪಿನ್ನಿಗೆ ಹೊಂದುವ ಬೇರಿಂಗ್ ಹತ್ತು, ಇಪ್ಪತ್ತು, ಮೂವತ್ತು ಥೌ ಅಳತೆಗಳಲ್ಲಿ ಸಿಗುತ್ತದೆ. ಈಗ ಉಳಿಸಿದ ಹತ್ತು ಥೌ ಮುಂದೆ ಈ ಎಂಜಿನ್ ಬಿಚ್ಚುವವರಿಗೆ ಸಿಗುವ ಇನ್ನೊಂದು ಆಯುಷ್ಯ. ಗ್ರೈಂಡಿಂಗ್‌ಗೆ ಕೊಡುವಾಗ ಇನ್ನೊಂದು ಮಾತನ್ನೂ ಒತ್ತಿ ಹೇಳಿದ್ದೆ: ಪಿನ್ನಿನ ಅಂಚು ಕ್ರ್ಯಾಂಕಿನ ಗೋಡೆಗೆ ಸೇರುವಲ್ಲಿ ದುಂಡು ಉಳಿಯಲೇಬೇಕು. ಅಲ್ಲಿ ಚೂಪಾದ ಮೂಲೆ ಬಂದರೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲ್ ಇಂದಿನ ರಬ್ಬರ್ ಬಳೆಯಲ್ಲ, ಎರಡು ಅರ್ಧ ಚಂದ್ರಗಳ ಒಳಗೆ ಕೂರಿಸುವ ಹಗ್ಗ. ಅದರ ತುದಿಗಳು ಜೋಡಣೆಯ ಅಂಚಿನಿಂದ ಕೂದಲೆಳೆಯಷ್ಟು, ಅಂದರೆ ಹತ್ತರಿಂದ ಇಪ್ಪತ್ತು ಥೌ, ಹೊರಗಿರಬೇಕು. ನಯವಾಗಿ ಕತ್ತರಿಸಿ ಸಮ ಮಾಡುವ ಆಸೆಯನ್ನು ತಡೆದುಕೊಳ್ಳಬೇಕು. ಸಮ ಮಾಡಿದರೆ ಕ್ಲಚ್ಚಿನೊಳಗೆ ಎಣ್ಣೆ ಸೋರುತ್ತದೆ.

ವಾಲ್ವ್‌ಗಳ ಓಟವನ್ನು ಕ್ರ್ಯಾಂಕಿಗೆ ಹೊಂದಿಸುವ ಟೈಮಿಂಗ್ ಗೇರ್‌ಗಳ ಚುಕ್ಕೆಗಳನ್ನು ಕೂಡಿಸಿ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿದೆ. ಎಲ್ಲೂ ಹಿಡಿಯಲಿಲ್ಲ. ಒಂದು ಸುತ್ತಾದ ಮೇಲೆ ಚುಕ್ಕೆಗಳು ಮತ್ತೆ ಎದುರುಬದುರು ಬರುವುದಿಲ್ಲ. ನಡುವಿನ ಐಡ್ಲರ್ ಗೇರಿನಿಂದಾಗಿ ಅದು ಹಾಗೆಯೇ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಬಿಚ್ಚಬೇಕಿಲ್ಲ.

ಹೆಡ್ಡನ್ನು ನೀರಿನ ಒತ್ತಡದಲ್ಲಿ ಪರೀಕ್ಷಿಸಿದ್ದಾರೆ, ಬಿರುಕಿಲ್ಲ. ವಾಲ್ವ್‌ಗಳನ್ನು ಉಜ್ಜಿ ಕೂರಿಸಿದ್ದೇನೆ. ಬಣ್ಣ ಯಾವಾಗ ಎಂದು ಕೇಳಿದವರಿಗೆ: ಎಂಜಿನ್ ಓಡುವವರೆಗೆ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ.

ಡೀಸೆಲ್ ಒತ್ತಿ ಕಳಿಸುವ ಸಿಎವಿ ರೋಟರಿ ಪಂಪ್ ಮತ್ತು ಮೂರು ನಾಝಲ್‌ಗಳು ಇನ್ನೂ ಪಂಪ್ ಸರ್ವಿಸ್ ಅಂಗಡಿಯಲ್ಲಿವೆ. ಅವು ಬಂದ ಮೇಲೆ ಟ್ಯಾಪೆಟ್‌ಗಳನ್ನು (ವಾಲ್ವಿನ ಮೇಲಿನ ಸಂದು) ತಣ್ಣಗಿರುವಾಗ 12 ಥೌಗೆ ಇಟ್ಟು, ಫಿಲ್ಟರಿನಿಂದ ನಾಝಲ್‌ವರೆಗೆ ಗಾಳಿ ತೆಗೆದು, ಮೊದಲು ಡೀಸೆಲ್ ತಡೆಯುವ ಸ್ಟಾಪ್ ಎಳೆದಿಟ್ಟುಕೊಂಡು ಆಯಿಲ್ ಒತ್ತಡ ಏರುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸುತ್ತೇನೆ. ಡೀಸೆಲ್ ಬಿಡುವುದು ಆಮೇಲೆಯೇ.